ಬಾಗಿಲಲ್ಲಿ ನಿಲ್ಲೋ ಸಿಸ್ಟರ್

...ಸುಳ್ಳು ಹೇಳದೇ ಇದ್ದಿದ್ರೆ ನೀವು ಬಾಗಿಲು ತೆಗೀತಿದ್ರಾ? ನೀವೇ ಹೇಳಿ! ಮೊನ್ನೆ ‘ನಾನು, ಸಿಸ್ಟರು’ ಅಂತ ಸತ್ಯ ಹೇಳಿ ತಟ್ಟಿದೆ. ತೆಗೀಲಿಲ್ಲ. ನಿನ್ನೇನೂ ಸತ್ಯಾನೇ ಹೇಳ್ದೆ. ಊಹೂಂ. ಈ ಮನೇಲಿ ಸತ್ಯಕ್ಕೆ ಬೆಲೆ ಇಲ್ಲ ಅಂತ ಗೊತ್ತಾಯ್ತು. ಅದಕ್ಕೇ ಇವತ್ತು ಗಂಡಸಿನ ಗಂಟಲು ಮಾಡ್ಕೊಂಡು, ‘ಮೇಡಂ, ನೀರಿನ ಪೈಪು ಒಡೆದಿದೆ, ಮನೆಯೆಲ್ಲಾ ಕೆರೆ ಆಗುತ್ತೆ’ ಅಂತ ಕೂಗಿದ್ದು. ಹೇಗಿದ್ದ ನನ್ನ ಪ್ಲಂಬರು? ಚೆನ್ನಾಗಿದ್ದ ಅಲ್ವಾ? ಪಕ್ಕದ ಕ್ವಾರ್ಟರ್ಸಿನ ಲ್ಯಾಬ್ ಟೆಕ್ನಿಷಿಯನ್ನು ಬಕೆಟ್ ಹಿಡ್ಕೊಂಡು ಹೊರಗೆ ಬಂದ್ಬಿಟ್ಟ ಪಾಪ!

ಹಾಗೆ ನೋಡ್ಬೇಡಿ ಡಾಕ್ಟ್ರೇ. ಐದೇ ನಿಮಿಷ. ರಜಾ ಅರ್ಜಿಗೆ ಒಂದು ಸಹಿ, ಅಷ್ಟೇ. ಗುಮಾಸ್ತ ಕಳಿಸಿದಾನೆ. ನೀವು ಆಸ್ಪತ್ರೆ ಮೆಟ್ಟಿಲು ಹತ್ತಿ ಇವತ್ತಿಗೆ ಒಂಬತ್ತು ದಿನ. ಅರ್ಜಿ ಇಲ್ಲ, ಫೋನಿಲ್ಲ. ಸರ್ಕಾರದ ಲೆಕ್ಕದಲ್ಲಿ ನೀವು ಓಡಿಹೋಗಿದ್ದೀರಿ. ಯಾರ ಜೊತೆ ಅಂತ ಒಂದು ಕಾಲಂ ಇದ್ದಿದ್ರೆ ಅದನ್ನೂ ತುಂಬಿ ಕಳಿಸ್ತಿದ್ದ, ಅಂಥೋನು ಅವನು.

ಕೂತ್ಕೊಳ್ಲಾ? ನೀವು ಹೇಳಲ್ಲ, ನಾನೇ ಕೂತ್ಕೋತೀನಿ. ಅಯ್ಯಯ್ಯೋ, ಕುರ್ಚಿ ಮೇಲೆ ಏನಿದು... ಟೀ ಲೋಟ. ಇಲ್ಲೊಂದು. ಪುಸ್ತಕದ ಮೇಲೊಂದು. ಟಿವಿ ಹಿಂದೆ ಕೂಡ ಒಂದು! ಡಾಕ್ಟ್ರೇ, ಟೀ ಕುಡಿಯೋರು ಅಡುಗೆಮನೇಲಿ ಲೋಟ ಇಡ್ತಾರೆ, ನೀವು ಲಸಿಕೆ ಶಿಬಿರ ಮಾಡ್ದಂಗೆ ಮನೆ ತುಂಬಾ ಹಂಚಿದ್ದೀರಿ. ಅರ್ಧ ಕುಡಿದು ಅರ್ಧ ಬಿಟ್ಟಿದ್ದೀರಿ, ಕೆನೆ ಕಟ್ಟಿದೆ ನೋಡಿ. ಇರ್ಲಿ ಇರ್ಲಿ, ಏಳ್ಬೇಡಿ. ನಾನು ಎತ್ತಿಡ್ತೀನಿ. ಕೈ ಸುಮ್ನಿದ್ರೆ ನನಗೆ ಮಾತು ಬರಲ್ಲ.

ಏನು? ಹಾಗಾದ್ರೆ ಕೈ ಕಟ್ಟಿಹಾಕ್ಬೇಕು ಅಂತ ಅಂದ್ಕೊಂಡ್ರಿ, ಅಲ್ವಾ? ತುಟಿ ಅಲ್ಲಾಡ್ತು, ನೋಡ್ದೆ ನಾನು!

ಡಬ್ಬಿ ತಂದಿದ್ದೀನಿ. ಗಂಜಿ, ಎರಡು ಬೇಯಿಸಿದ ಮೊಟ್ಟೆ. ನಿಮಗೆ ಇಷ್ಟ ಇಲ್ಲ ಅಂತ ಗೊತ್ತು. ಇಷ್ಟ ಇದ್ದಿದ್ದನ್ನೇ ತಿನ್ನೋದಾದ್ರೆ ಔಷಧಿ ಅಂತ ಯಾಕೆ ಬೇಕಿತ್ತು? ಇಲ್ಲೇ ಇಟ್ಟಿರ್ತೀನಿ. ನೀವು ಆ ಕಡೆ ನೋಡ್ತಾ ಇರಿ, ಅದು ಈ ಕಡೆ ಆರ್ತಾ ಇರುತ್ತೆ. ಯಾರಿಗೂ ಬಲವಂತ ಇಲ್ಲ.

ಆಸ್ಪತ್ರೆ ಸುದ್ದಿ ಕೇಳಲ್ವಾ? ಕೇಳದಿದ್ರೂ ಹೇಳ್ತೀನಿ. ನಿಮ್ಮ ಬದಲಿಗೆ ಒಬ್ಬ ಡಾಕ್ಟ್ರನ್ನ ಹಾಕಿದಾರೆ, ಪಕ್ಕದ ಕೇಂದ್ರದವರು. ದಿನಕ್ಕೆ ಎರಡೇ ಗಂಟೆ. ಉದ್ದಕ್ಕಿದಾರೆ, ತೆಳ್ಳಗಿದಾರೆ, ಮುಟ್ಟಿದ್ರೆ ತಣ್ಣಗಿರ್ತಾರೆ. ನಾವು ‘ಥರ್ಮಾಮೀಟರ್’ ಅಂತ ಹೆಸರಿಟ್ಟಿದ್ದೀವಿ. ತಲೆ ಎತ್ತಲ್ಲ ಮನುಷ್ಯ! ಚೀಟಿ ಬಂತಾ, ಬರೆದ್ರಾ, ‘ಮುಂದೆ.’ ಚೀಟಿ, ಬರೆದ್ರು, ‘ಮುಂದೆ.’ ಬುಧವಾರ ನಮ್ಮ ಜವಾನ ಟೀ ತಂದು ಮೇಜಿನ ಮೇಲಿಟ್ಟ. ‘ಎಷ್ಟು ದಿನದಿಂದ?’ ಅಂದ್ರು ಇವರು. ಅವನು ಟೀ ತರೋದನ್ನ ಕೇಳ್ತಿದಾರೆ ಅಂದ್ಕೊಂಡು, ‘ಇಪ್ಪತ್ತೆರಡು ವರ್ಷದಿಂದ ಸಾರ್’ ಅಂದ. ಇವರು ಮಾತ್ರೆ ಬರೆದೇಬಿಟ್ರು, ‘ಹೊಟ್ಟೆ ಖಾಲಿ ಇದ್ದಾಗ ಬೆಳಿಗ್ಗೆ ಒಂದು, ರಾತ್ರಿ ಒಂದು. ಮುಂದೆ!’

ನಗ್ಬೇಡಿ, ಇನ್ನೂ ಇದೆ. ಅವನು ಡಾಕ್ಟ್ರೇ ಹೇಳಿದ ಮೇಲೆ ಅಂತ ಎರಡು ದಿನ ನುಂಗಿದಾನೆ! ಈಗ ಹೊಟ್ಟೆ ಹಗುರಾಗಿದೆಯಂತೆ. ‘ಇಪ್ಪತ್ತೆರಡು ವರ್ಷದ ಕಾಯಿಲೆ ವಾಸಿ ಆಯ್ತು’ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದಾನೆ.

ನಗ್ತಿಲ್ವಾ? ನಕ್ಕ ಹಾಗೆ ಕಾಣ್ತು. ಸರಿ.

ನೀವೆಲ್ಲಿ ಅಂತ ಎಲ್ಲರೂ ಕೇಳೋದು ನನ್ನನ್ನೇ. ನಾನು ತಾನೇ ಬಾಗಿಲಲ್ಲಿ ನಿಲ್ಲೋಳು. ನಾನೇನು ಮಾಡ್ಲಿ? ಒಬ್ಬರಿಗೆ ಟ್ರೈನಿಂಗಿಗೆ ಹೋಗಿದಾರೆ ಅಂದೆ. ಒಬ್ಬರಿಗೆ ಅಕ್ಕನ ಬಾಣಂತನ ಅಂದೆ. ನಿಮಗೆ ಅಕ್ಕ ಇಲ್ಲ, ಗೊತ್ತು. ಈಗ ಇದಾಳೆ, ಗಂಡು ಮಗು, ಮೂರೂವರೆ ಕೇಜಿ. ಶಾಲೆ ಮೇಷ್ಟ್ರು ಬಂದು ಜಾಸ್ತಿ ಕೆದಕಿದ್ರು, ಅವರಿಗೆ ಚಿಕನ್‌ಪಾಕ್ಸ್ ಅಂದ್ಬಿಟ್ಟೆ. ಅದೊಂದು ತಪ್ಪಾಯ್ತು. ಮಾರನೇ ದಿನ ನಲವತ್ತು ಜನ ಮೈ ತುರಿಸ್ಕೊಂಡು ಕ್ಯೂ ನಿಂತ್ರು! ‘ನಾವೂ ಡಾಕ್ಟರಮ್ಮನ ಹತ್ರ ತೋರಿಸ್ಕೊಂಡಿದ್ವಿ, ನಮಗೂ ಬಂದಿರುತ್ತೆ.’ ಥರ್ಮಾಮೀಟರು ಮೊದಲನೇ ಸಲ ತಲೆ ಎತ್ತಿ ನೋಡಿದ್ರು ನನ್ನ.

ಮತ್ತೆ ಆ ಎಪ್ಪತ್ತೊಂದನೇ ನಂಬರಿನವನು... ನೆನಪಿದೆಯಾ? ಅವತ್ತು ನೀವು ಎದ್ದು ಹೋದಾಗ ಎದುರಿಗೆ ಕೂತಿದ್ದೋನು. ನೀವು ಪೆನ್ನಿಗೆ ಮುಚ್ಚಳ ಹಾಕಿದ್ರಿ, ಸ್ಟೆತಾಸ್ಕೋಪು ತೆಗೆದು ಮಡಚಿ ಮೇಜಿನ ಮೇಲಿಟ್ರಿ, ಎದ್ರಿ, ಬೆಂಚುಗಳ ಮಧ್ಯೆ ನಡೆದು ಹೊರಗೆ ಹೋದ್ರಿ. ಇನ್ನೂ ಮೂವತ್ತು ಜನ ಕೂತಿದ್ರು. ಅವನು ದಿನಾ ಬಂದು ನನ್ನ ಹತ್ರ ಅಳ್ತಾನೆ. ‘ಸಿಸ್ಟರೇ, ನಾನೇನೂ ಕೆಟ್ಟದ್ದು ಮಾತಾಡ್ಲಿಲ್ಲ. ನನ್ನ ಮೊಣಕಾಲಿನ ಕಥೆ ಹೇಳ್ತಿದ್ದೆ ಅಷ್ಟೇ. ಅದಕ್ಕೇ ಡಾಕ್ಟರಮ್ಮ ಆಸ್ಪತ್ರೆ ಬಿಟ್ಟು ಹೋಗೋದಾ?’ ಅವನ ಹೆಂಡತಿ ಏನಂದ್ಲು ಗೊತ್ತಾ? ‘ನಾನು ಹದಿನೈದು ವರ್ಷದಿಂದ ಆ ಮೊಣಕಾಲು ಕೇಳ್ತಿದ್ದೀನಿ, ನನಗೂ ಎದ್ದು ಹೋಗ್ಬೇಕು ಅನ್ಸುತ್ತೆ’ ಅಂದ್ಲು!

ಹ್ಞಾ, ಇದಕ್ಕೆ ನಗ್ಲೇಬೇಕು. ನಕ್ಕ್ರಿ! ಬೇಡ ಅಂದ್ರೂ ನಕ್ಕ್ರಿ. ಒಂದು ಚಮಚ ಗಂಜಿ ತಗೊಳ್ಳಿ ಅದೇ ಬಾಯಲ್ಲಿ.

ಕ್ಯಾಲೆಂಡರ್ ಕಡೆ ಯಾಕೆ ನೋಡ್ತೀರಿ?

...ಹೌದು. ಭಾನುವಾರ. ಭಾನುವಾರ ಗುಮಾಸ್ತ ಅರ್ಜಿ ಕಳಿಸಲ್ಲ. ಅವನು ಸೋಮವಾರಾನೇ ಕಳಿಸಲ್ಲ. ಆಯ್ತಪ್ಪ, ಸಿಕ್ಕಿಬಿದ್ದೆ. ಅರ್ಜಿ ಗಿರ್ಜಿ ಏನಿಲ್ಲ. ಚೀಲದಲ್ಲಿ ಬರೀ ಕೊಡೆ ಇದೆ. ವಾರದ ದಿನ ಮರೆತಿಲ್ಲ ನೀವು, ಒಳ್ಳೇದು. ನಾನೇ ಬಂದೆ. ಯಾರೂ ಕಳಿಸಿಲ್ಲ.

ನೋಡಿ ಡಾಕ್ಟ್ರೇ, ನನಗೆ ಓದು ಕಡಿಮೆ. ಇಂಜೆಕ್ಷನ್, ಡ್ರೆಸ್ಸಿಂಗು, ಹೆರಿಗೆ, ಕ್ಯೂ ಸಂಭಾಳಿಸೋದು, ಇಪ್ಪತ್ತೇಳು ವರ್ಷದಿಂದ ಇಷ್ಟೇ. ಆದ್ರೆ ಕಣ್ಣಿದೆಯಲ್ಲ? ನಿಮ್ಮ ರೂಮಿನ ಬಾಗಿಲ ಪಕ್ಕ ನೀವೇ ಒಂದು ಹಾಳೆ ಅಂಟಿಸಿದ್ದೀರಿ. ‘ಎರಡು ವಾರದಿಂದ ನಿದ್ದೆ ಇಲ್ಲವೇ? ಹಸಿವಿಲ್ಲವೇ? ಯಾವುದರಲ್ಲೂ ಮನಸ್ಸಿಲ್ಲವೇ? ಎಲ್ಲಾ ನನ್ನದೇ ತಪ್ಪು ಅನಿಸುತ್ತದೆಯೇ? ಡಾಕ್ಟರಿಗೆ ಹೇಳಿ.’ ನಾನು ದಿನಾ ಅದರ ಪಕ್ಕಾನೇ ನಿಂತಿರ್ತೀನಿ. ಬಾಯಿಪಾಠ ಆಗಿದೆ. ಶನಿವಾರ ಆ ಮೈಯೆಲ್ಲಾ-ನೋವಿನ ಅಜ್ಜಿ ಬಂದು, ಅದೇ ನೀವು ಕೈ ಹಿಡ್ಕೊಂಡು ಮಾತಾಡಿಸ್ತಿದ್ರಲ್ಲ ಆಯಮ್ಮ, ಅದನ್ನ ಓದಿಸ್ಕೊಂಡು ಕೇಳ್ತು. ‘ಡಾಕ್ಟರಿಗೇ ಹಿಂಗಾದ್ರೆ ಅವರು ಯಾರಿಗೆ ಹೇಳ್ಬೇಕು ಅಂತ ಇದ್ರಲ್ಲಿ ಬರೆದಿಲ್ವಲ್ಲ ಮಗಾ?’

ನಾನು ಆ ಹಾಳೆ ಮೂಲೆ ಎತ್ತಿ, ಹಿಂದೆ ಏನಾದ್ರೂ ಬರೆದಿದೆಯಾ ಅಂತ ನೋಡ್ದೆ. ನಿಜವಾಗ್ಲೂ! ಬೇಕಾದ್ರೆ ಜವಾನನ್ನ ಕೇಳಿ, ಅವನು ಸಾಕ್ಷಿ.

ಅದಕ್ಕೇ ಒಂದು ಕೆಲಸ ಮಾಡಿದ್ದೀನಿ. ಬೈಬೇಡಿ. ನೀವು ಜನರನ್ನ ಕಳಿಸ್ತೀರಲ್ಲ ಜಿಲ್ಲಾಸ್ಪತ್ರೆ ಮನಸ್ಸಿನ ಡಾಕ್ಟ್ರ ಹತ್ರ, ಕನ್ನಡಕ, ಬಿಳಿ ಕೂದಲು, ಮೆಲ್ಲಗೆ ಮಾತಾಡೋರು? ಅವರಿಗೆ ಫೋನ್ ಮಾಡ್ದೆ. ‘ನಮ್ಮ ಕಡೆ ಒಬ್ಬರು ಪೇಷೆಂಟ್ ಇದಾರೆ, ಹೆಣ್ಣು, ಇಪ್ಪತ್ತೊಂಬತ್ತು ವಯಸ್ಸು, ಹಟಮಾರಿ’ ಅಂದೆ. ಹೆಸರು ಹೇಳ್ಲಿಲ್ಲ. ಅವರು, ‘ಸಿಸ್ಟರ್, ನಿಮ್ಮ ಡಾಕ್ಟರನ್ನ ಸೋಮವಾರ ಹತ್ತೂವರೆಗೆ ಕರ್ಕೊಂಡು ಬನ್ನಿ, ಹಿಂದಿನ ಬಾಗಿಲಿಂದ ಬನ್ನಿ, ಯಾರೂ ನೋಡಲ್ಲ’ ಅಂದ್ರು. ನಾನು ಎಷ್ಟು ಜಾಣೆ ನೋಡಿ, ಹೆಸರೇ ಹೇಳ್ದೆ ಗುಟ್ಟು ಕಾಪಾಡಿದ್ದೀನಿ!

ಮುಖ ತಿರುಗಿಸ್ಬೇಡಿ. ಕೇಳಿ ಇಲ್ಲಿ. ಎಪ್ಪತ್ತು ಜನಕ್ಕೆ, ನೂರು ಜನಕ್ಕೆ ನೀವೇ ಹೇಳಿದ್ದೀರಿ, ‘ಇದು ಕಾಯಿಲೆ, ನಾಚಿಕೆ ಅಲ್ಲ, ವಾಸಿ ಆಗುತ್ತೆ’ ಅಂತ. ನಾನು ಪರದೆ ಆಚೆ ನಿಂತು ಎಲ್ಲಾ ಕೇಳಿಸ್ಕೊಂಡಿದ್ದೀನಿ. ಅದು ಬರೀ ಅವರಿಗಾ? ನಿಮಗೆ ಬೇರೆ ಪುಸ್ತಕ ಇದೆಯಾ?

ಚೀಟಿ ಕೂಡ ಮಾಡಿಸಿ ಇಟ್ಟಿದ್ದೀನಿ. ಇಗೋ, ಪರ್ಸಲ್ಲಿದೆ. ಅಲ್ಲಿ ಕೌಂಟರಲ್ಲಿ ನನ್ನ ತಂಗಿ ಮಗಳಿದಾಳಲ್ಲ. ನೋಡಿ, ಇದು ನಿಮ್ಮದು. ಹೆಸರಿನ ಜಾಗದಲ್ಲಿ ಬರೀ ಮೊದಲನೇ ಅಕ್ಷರ.

...ಹ್ಞೂಂ. ಎರಡಿದೆ. ಅದು... ಅದು ಅಂಟ್ಕೊಂಡು ಬಂದಿದೆ. ಒಂದು ತಗೊಂಡ್ರೆ ಒಂದು ಉಚಿತ ಅಂತಾರಲ್ಲ, ಹಾಗೆ! ಕೊಡಿ ಇತ್ಲಾಗೆ.

ಅಲ್ಲ, ಕೊಡಿ ಅಂದ್ರೆ. ಯಾಕೆ ಹಿಡ್ಕೊಂಡಿದ್ದೀರಿ?

ಸರಿ, ಓದಿ. ‘ಹೆಣ್ಣು, ಐವತ್ತಾರು.’ ಯಾರಾದ್ರೂ ಇರ್ತಾರೆ ಐವತ್ತಾರು. ಊರಲ್ಲಿ ನಾನೊಬ್ಬಳೇನಾ? ಗಂಜಿ ಆರ್ತಿದೆ ನೋಡಿ. ಅಂದ ಹಾಗೆ ಬಸ್ ಡ್ರೈವರ್ ಹುಷಾರಾಗಿದಾನೆ. ಹೇಳೋದೇ ಮರ್ತೆ! ಮರ್ತಿಲ್ಲ... ಸಮಯ ನೋಡಿ ಹೇಳೋಣ ಅಂತಿದ್ದೆ. ವಾರ್ಡಿಂದ ಮನೆಗೆ ಕಳಿಸಿದಾರೆ ಶುಕ್ರವಾರ. ಊಟ ಮಾಡ್ತಿದಾನೆ, ಮಾತಾಡ್ತಿದಾನೆ. ಹೆಂಡತಿ ಬಂದಿದ್ಲು ಮಾತ್ರೆಗೆ. ಅವತ್ತು ಸಂಜೆ ಅವನು ಬಸ್ಸನ್ನ ಡಿಪೋದಲ್ಲಿ ನಿಲ್ಲಿಸಿ, ಕೀ ಕೊಟ್ಟು, ಜೀವ ಕಳ್ಕೊಳ್ಳೋಕೆ ಹೋದ್ನಲ್ಲ, ಆ ಕಂಡಕ್ಟರು ಊಟದ ಡಬ್ಬಿ ಮರೆತು ವಾಪಸ್ ಬರದಿದ್ರೆ... ಬಂದ, ನೋಡ್ದ, ಎತ್ಕೊಂಡು ಓಡಿದ. ಬದುಕಿಸಿದ್ರು. ಬದುಕಿದಾನೆ ಡಾಕ್ಟ್ರೇ. ‘ಡಾಕ್ಟರಮ್ಮ ಹೇಗಿದಾರೆ?’ ಅಂತ ಕೇಳಿ ಕಳಿಸಿದಾನೆ. ನೋಡಿ, ಇಲ್ಲಿ ಯಾರು ಯಾರನ್ನ ವಿಚಾರಿಸ್ಕೋಬೇಕು!

ಯಾಕೆ ಕಣ್ಣು ಮುಚ್ಕೊಂಡ್ರಿ? ಒಳ್ಳೇ ಸುದ್ದಿ ಇದು.

ನೀವು ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಿ. ನನಗೆ ಗೊತ್ತು. ‘ಸೋಮವಾರ ಬಂದಿದ್ದ, ತಲೆನೋವು, ನಿದ್ದೆ ಇಲ್ಲ ಅಂದ, ಮೂರು ನಿಮಿಷದಲ್ಲಿ ಕಳಿಸ್ದೆ, ನಾನು ನೋಡ್ಬೇಕಿತ್ತು.’ ಇದೇ ತಾನೇ ತಿರುಗ್ತಿರೋದು ಆ ತಲೇಲಿ? ನೀವು ನೋಡಿದ್ರಿ! ಹೊರಗೆ ನೂರು ಜನ ಕೆಮ್ತಾ ಕೂತಿದ್ರೂ ಅವನ ಮುಖ ನೋಡಿ, ‘ನಾಳೆ ಬನ್ನಿ, ಒಂದು ಗಂಟೆ ಮೇಲೆ, ಜನ ಖಾಲಿ ಆದ ಮೇಲೆ ಕೂತು ಮಾತಾಡೋಣ’ ಅಂದ್ರಿ. ನಾನೇ ಕೇಳಿದ್ದೀನಿ. ಬೇರೆ ಯಾವ ಡಾಕ್ಟ್ರು ಹಾಗೆ ಹೇಳ್ತಾರೆ? ಥರ್ಮಾಮೀಟರ್ ಹೇಳ್ತಾರಾ? ಹಾಗಾಗಿ ನಿಮ್ಮದೇನೂ ತಪ್ಪಿಲ್ಲ. ಮುಗೀತು. ಮೊಟ್ಟೆ ತಿನ್ನಿ.

...

ಅವನು ಮಾರನೇ ದಿನ ಬಂದಿದ್ರೆ ನೀವು ಮಾತಾಡ್ತಿದ್ರಿ. ಅಷ್ಟೇ ತಾನೇ?

...ಬರ್ಲಿಲ್ಲ ಅಂದ್ಮೇಲೆ ನೀವೇನು ಮಾಡೋಕಾಗುತ್ತೆ?

ಹಾಗೆ ನೋಡ್ಬೇಡಿ ಅಂತ ಆಗ್ಲೇ ಹೇಳ್ದೆ. ಏನಾದ್ರೂ ಮಾತಾಡಿ. ಪೇಷೆಂಟ್‌ಗಳ ಹತ್ರಾನೂ ಹಿಂಗೇ ಮಾಡೋದು ನೀವು, ಗೊತ್ತಿದೆ ನನಗೆ. ಒಂದು ಪ್ರಶ್ನೆ ಕೇಳೋದು, ಪೆನ್ನು ಕೆಳಗಿಟ್ಟು ಸುಮ್ನೆ ಕೂರೋದು. ಆ ಸುಮ್ನಿರೋದನ್ನ ತಡ್ಕೊಳ್ಳೋಕಾಗ್ದೆ ಅವರೇ ಎಲ್ಲಾ ಕಕ್ಕೋದು. ನನ್ನ ಹತ್ರ ಆ ಆಟ ನಡೆಯಲ್ಲ. ನಾನು ಬೇಕಾದ್ರೆ ಸಂಜೆ ತನಕ... ಸಂಜೆ ತನಕ ಮೊಣಕಾಲಿನ ಕಥೆ ಹೇಳ್ತೀನಿ.

ನೀವು ಪ್ರಶ್ನೆನೂ ಕೇಳಿಲ್ಲ. ಬರೀ ಆ ಚೀಟಿ ಹಿಡ್ಕೊಂಡಿದ್ದೀರಿ.

...

ಬಂದಿದ್ದ.

ಬಂದಿದ್ದ ಡಾಕ್ಟ್ರೇ. ಮಂಗಳವಾರ. ಒಂದು ಗಂಟೆಗೆ ಐದು ನಿಮಿಷ ಇತ್ತು. ತಲೆ ಬಾಚ್ಕೊಂಡು, ಶರ್ಟು ಇಸ್ತ್ರಿ ಮಾಡ್ಕೊಂಡು ಬಂದಿದ್ದ. ನಾನು ಬಾಗಿಲಲ್ಲಿದ್ದೆ. ನೂರ ಹನ್ನೆರಡನೇ ನಂಬರ್ ಒಳಗಿತ್ತು. ಬೆಳಿಗ್ಗೆ ಎಂಟರಿಂದ ನೀವು ನೀರು ಕೂಡ ಕುಡ್ದಿರ್ಲಿಲ್ಲ. ಪರದೆ ಸಂದೀಲಿ ನೋಡ್ದೆ, ಒಂದೇ ಚೀಟೀಲಿ ಎರಡು ಸಲ ತಾರೀಖು ಬರೀತಿದ್ರಿ. ಅಷ್ಟು ಹೊತ್ತಿಗೆ ಇವನು. ‘ಡಾಕ್ಟರಮ್ಮ ಬರೋಕೆ ಹೇಳಿದ್ರು’ ಅಂದ. ನಾನು ಮನಸ್ಸಲ್ಲೇ ಅಂದ್ಕೊಂಡೆ, ಇವನು ಒಳಗೆ ಹೋದ್ರೆ ಒಂದು ಗಂಟೆ ಏಳಲ್ಲ. ಈ ಹುಡುಗಿ ಇವತ್ತೂ ಊಟ ಮಾಡಲ್ಲ. ಒಂದು ದಿನ ಇಲ್ಲೇ ಬಿದ್ದು ಹೋಗ್ತಾಳೆ. ‘ಇವತ್ತು ಮುಗೀತಪ್ಪ, ನಾಳೆ ಬಾ’ ಅಂದೆ.

ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ನಾನು ಬಿಡ್ತೀನಾ? ಇದಿದೆಯಲ್ಲ, ಈ ಬಾಯಿ. ಅವನು ಹೋಗ್ಲಿಲ್ಲ. ಅಲ್ಲೇ ನಿಂತಿದ್ದ. ಮೆಲ್ಲಗೆ, ನನಗೊಬ್ಬಳಿಗೇ ಕೇಳೋ ಹಾಗೆ, ‘ಸಿಸ್ಟರೇ, ನಾಲ್ಕು ರಾತ್ರಿ ಆಯ್ತು, ಕಣ್ಣು ಮುಚ್ಚಿಲ್ಲ’ ಅಂದ. ಬೆಂಚಿನ ಮೇಲೆ ಡ್ರೆಸ್ಸಿಂಗಿಗೆ ಐದಾರು ಜನ ಕೂತಿದ್ರು. ಜನ ಇದ್ರೆ ನನಗೆ ಉಮೇದು ಅಲ್ವಾ... ಗಟ್ಟಿಯಾಗಿ ಅಂದೆ. ‘ಡ್ರೈವರಿಗೆ ನಿದ್ದೆ ಬರದಿದ್ರೆ ಒಳ್ಳೇದೇ ಬಿಡಪ್ಪಾ, ಬಸ್ಸಲ್ಲಿರೋರು ಬದುಕ್ಕೊಂಡ್ರು!’

ಎಲ್ಲಾ ನಕ್ಕ್ರು. ಘೊಳ್ಳಂತ ನಕ್ಕ್ರು.

ಅವನೂ ನಕ್ಕ ಡಾಕ್ಟ್ರೇ. ಅದೇ ನನಗೆ... ಅವನೂ ನಕ್ಕ. ‘ಹೌದು ಸಿಸ್ಟರೇ, ಅದೂ ನಿಜಾನೇ’ ಅಂತ ನಕ್ಕೊಂಡು, ಬೆಂಚಿನ ಮೇಲಿದ್ದೋರಿಗೆಲ್ಲಾ ಒಂದು ಸಲ ತಲೆ ಆಡಿಸಿ, ಮೆಟ್ಟಿಲು ಇಳಿದು ಹೋದ. ಒಳ್ಳೇ ಜೋಕು ಹೊಡೆದೆ ಅಂತ ನಾನು ಖುಷಿಯಾಗಿ ಬಾಗಿಲು ಹಾಕ್ದೆ. ನಿಮಗೆ ಊಟದ ಡಬ್ಬಿ ಬಿಚ್ಚಿಟ್ಟೆ. ನೀವು ಗಡಿಯಾರ ನೋಡಿ, ‘ಡ್ರೈವರ್ ಬಂದ್ರಾ ಸಿಸ್ಟರ್?’ ಅಂದ್ರಿ.

ನಾನು, ‘ಇಲ್ವಲ್ಲ’ ಅಂದೆ.

ಯಾಕೆ ಹಾಗಂದೆ ಅಂತ ಕೇಳ್ಬೇಡಿ. ನೀವು ಉಣ್ಣಲಿ ಅಂತ ಅಂದೆ. ದೇವರಾಣೆ ಅದಕ್ಕೇ ಅಂದಿದ್ದು. ನೀವು ಎರಡು ತುತ್ತು ತಿಂದು, ಮತ್ತೆ ಅರ್ಧ ಗಂಟೆ ಬಾಗಿಲು ನೋಡ್ತಾ ಕೂತಿದ್ರಿ. ಅವನಿಗೋಸ್ಕರ. ನಾನು ಲಸಿಕೆ ಫ್ರಿಜ್ಜು ಒರೆಸ್ತಾ ಅದನ್ನೂ ನೋಡ್ದೆ. ಆಗ್ಲಾದ್ರೂ ಹೇಳ್ಬಹುದಿತ್ತು. ಡಿಪೋ ಹತ್ತು ನಿಮಿಷದ ದಾರಿ. ಒಂದು ಫೋನು ಸಾಕಿತ್ತು. ಹೇಳ್ಲಿಲ್ಲ. ಸಂಜೆ ಸುದ್ದಿ ಬಂತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಅದನ್ನ ನಾನೇ ಎಷ್ಟು ಜನಕ್ಕೆ ಹೇಳಿದ್ದೀನಿ. ಅವತ್ತಿಂದ ನಮ್ಮ ಮನೆಯವರು ಕೇಳ್ತಿದಾರೆ, ‘ಏನೇ, ಮಾತು ಜಾಸ್ತಿ ಆಯ್ತಲ್ಲ ನಿಂದು? ನಿದ್ದೆ ಮಾಡಲ್ವಾ?’ ಕಣ್ಣು ಮುಚ್ಚಿದ್ರೆ ಅವನು ನಗ್ತಾನೆ ಡಾಕ್ಟ್ರೇ. ಬೈಯಲ್ಲ, ಅಳಲ್ಲ. ತಲೆ ಬಾಚ್ಕೊಂಡು ಬಂದು ನಗ್ತಾನೆ. ಅದಕ್ಕೇ ಎರಡನೇ ಚೀಟಿ. ಐವತ್ತಾರು, ಹೆಣ್ಣು. ನಾನೇ.

ಮಾರನೇ ವಾರ ಅದರ ವಿಚಾರಣೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬ್ರು ಬಂದಾಗ ಹೇಳ್ಬೇಕು ಅಂತ ಹೋದೆ. ನಿಜವಾಗ್ಲೂ ಹೋದೆ. ಬಾಗಿಲ ತನಕ ಹೋಗಿ, ಅವರಿಗೆ ಟೀ ಬೇಕಾ ಅಂತ ಕೇಳ್ಕೊಂಡು ವಾಪಸ್ ಬಂದೆ. ನಾಲ್ಕು ವರ್ಷ ಇದೆ ನನ್ನ ರಿಟೈರ್ಮೆಂಟಿಗೆ. ಹೆದರ್ಕೊಂಡೆ. ಯಾರಾದ್ರೂ ‘ಡ್ರೈವರು’ ಅಂದ್ರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕೊಂಡಂಗೆ, ನಾನೊಂದು ಜೋಕು ಹೇಳ್ಬಿಡ್ತೀನಿ. ನೀವು ಇಲ್ಲಿ ಎಲ್ಲಾ ನನ್ನದೇ ತಪ್ಪು ಅಂತ ಕತ್ತಲೆ ಕೋಣೇಲಿ ಕೂತಿದ್ದೀರಿ, ನಾನು ಅಲ್ಲಿ ನಿಮಗೆ ಅಕ್ಕನ್ನ ಹುಟ್ಟಿಸಿ ಬಾಣಂತನ ಮಾಡ್ತಿದ್ದೀನಿ. ಥೂ.

ಬೈಯಿರಿ. ಇವತ್ತು ಬೈದ್ಬಿಡಿ. ಆಚೆ ಹೋಗು ಅನ್ನಿ. ಆ ಲೋಟ ಎತ್ತಿ ಎಸೀರಿ, ಎಷ್ಟೊಂದಿವೆ.

...

ಡಾಕ್ಟ್ರೇ?

...ನಿಮಗೆ ಆಶ್ಚರ್ಯ ಆಗ್ಲಿಲ್ಲ.

ಇಷ್ಟು ಹೇಳ್ದೆ. ‘ಬಂದಿದ್ದ’ ಅಂದೆ. ನೀವು ‘ಏನು?’ ಅನ್ಲಿಲ್ಲ. ಹುಬ್ಬು ಕೂಡ ಏರ್ಲಿಲ್ಲ. ಬರೀ... ಬರೀ ಕೇಳ್ತಿದ್ರಿ.

ಗೊತ್ತಿತ್ತಾ ನಿಮಗೆ?

ಅವನು ಹೇಳಿದ್ನಾ? ಬುಧವಾರ ವಾರ್ಡಿಗೆ ಹೋಗಿದ್ರಲ್ಲ ನೋಡೋಕೆ... ಆವಾಗ್ಲೇನಾ? ‘ಬಂದಿದ್ದೆ, ಸಿಸ್ಟರು ಹಿಂಗಂದ್ರು’ ಅಂತ... ಎಲ್ಲಾ ಹೇಳಿದ್ನಾ? ಜೋಕೂ?

ತಲೆ ಆಡಿಸ್ಬೇಡಿ. ಅಯ್ಯೋ, ಹೌದು ಅಂತ ತಲೆ ಆಡಿಸ್ಬೇಡಿ ತಾಯಿ.

ಹಾಗಾದ್ರೆ ಗುಮಾಸ್ತ ಹೇಳಿದ್ದು ಅದೇ. ‘ಡಾಕ್ಟರಮ್ಮನ ಹೇಳಿಕೆ ನಾನೇ ಟೈಪ್ ಮಾಡ್ದೆ ಸಿಸ್ಟರೇ. ರೋಗಿ ಮಂಗಳವಾರ ಬಂದಿದ್ದರು, ಕೆಲಸದ ಒತ್ತಡದಲ್ಲಿ ನಾನೇ ನೋಡಲಿಲ್ಲ ಅಂತ ಬರೆಸಿದಾರೆ.’ ನಾನು ಅವನಿಗೇ ಬೈದೆ, ಕಣ್ಣು ಸರಿ ಇಲ್ಲ ನಿನಗೆ, ಸೋಮವಾರ ಅಂತ ಇರುತ್ತೆ ನೋಡು ಅಂತ. ನಾನೇ ನೋಡಲಿಲ್ಲ ಅಂತ ಬರೆದ್ರಾ? ನನ್ನ ಹೆಸರು ಬರೀಲೇ ಇಲ್ವಾ? ಅದಾದ ಮೇಲೂ ಮೂರು ದಿನ ನನ್ನ ಪಕ್ಕದಲ್ಲೇ ಕೂತು ಪೇಷೆಂಟ್ ನೋಡಿದ್ರಿ. ‘ಸಿಸ್ಟರ್, ಮುಂದಿನವರನ್ನ ಕಳಿಸಿ’ ಅಂತ ಮೆಲ್ಲಗೆ ಹೇಳ್ತಿದ್ರಿ. ಒಂದು ಮಾತು ಅನ್ಲಿಲ್ಲ. ನಾನು ಕಳಿಸ್ತಾ ಇದ್ದೆ, ಜೋಕು ಹೇಳ್ತಾ ಇದ್ದೆ, ನೀವು ಕೇಳಿಸ್ಕೊಳ್ತಾ ಇದ್ರಿ. ನಾಲ್ಕನೇ ದಿನ ಪೆನ್ನಿಗೆ ಮುಚ್ಚಳ ಹಾಕಿದ್ರಿ.

ಯಾಕಮ್ಮಾ? ನನ್ನ ಮಗಳಿಗಿಂತ ಚಿಕ್ಕವಳು ನೀನು. ಯಾಕೆ ಒಬ್ಬಳೇ ಹೊತ್ಕೊಂಡೆ?

ಅಳ್ಬೇಡ ಅಂತ ಹೇಳಲ್ಲ. ಅಳು. ನಾಳೆ ಹತ್ತೂವರೆಗೆ ಇಬ್ಬರೂ ಹೋಗೋಣ. ಮೊದಲು ಯಾರು ಒಳಗೆ ಹೋಗೋದು ಅಂತ ಅಲ್ಲಿ ಜಗಳ ಆಡೋಣ. ಆಮೇಲೆ ಸಾಹೇಬ್ರ ಹತ್ರ ನಾನು ಹೋಗ್ತೀನಿ, ಟೀ ಕೇಳೋಕಲ್ಲ. ಡ್ರೈವರ್ ಮನೆಗೆ ಹೋಗೋದು... ಅದಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಅಲ್ಲಿ ಏನು ಮಾತಾಡ್ಬೇಕು ಅಂತ ನನಗೆ ಗೊತ್ತಿಲ್ಲ. ನೀನು ಹೇಳ್ಕೊಡ್ಬೇಕು.

ನೀನು ಏನೋ ಹೇಳೋಕೆ ಬಂದೆ, ಅಲ್ವಾ? ನಾನು ಮಧ್ಯ ಬಾಯಿ ಹಾಕ್ದೆ. ಹೇಳು.

ಹೇಳಮ್ಮಾ. ನಿಧಾನಕ್ಕೆ ಹೇಳು. ಕೂತಿದ್ದೀನಿ.